ಗಣಿತ ಪುನರಾವರ್ತನೆಗೆ ಯಾವ ಆ್ಯಪ್ ಒಳ್ಳೆಯದು? ಆ್ಯಪ್ ಇರಲಿ, ಮೊದಲು ಆ ನಾಲ್ಕು ಆಯ್ಕೆ ತೆಗೆಯಿರಿ

ಹತ್ತನೇ ತರಗತಿಗೆ ಪಾಠಕ್ಕೊಂದರಂತೆ ಗೂಗಲ್ ಫಾರ್ಮಿನಲ್ಲಿ ಬಹುಆಯ್ಕೆ ಕ್ವಿಜ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕೆಂದಿದ್ದೀರಿ, ಅದಕ್ಕಿಂತ ಒಳ್ಳೆಯ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ನಾನು ಒಂದು ವರ್ಷ ಪೂರ್ತಿ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನನ್ನ ಕ್ವಿಜ್ ಹೀಗಿರುತ್ತಿತ್ತು: ಪಾಠ ಮುಗಿದ ಸಂಜೆಯೇ 15 ಪ್ರಶ್ನೆ, ಎಲ್ಲಾ ಅದೇ ಪಾಠದ್ದು, ತಲಾ ನಾಲ್ಕು ಆಯ್ಕೆ. ಸಲ್ಲಿಸಿದ ತಕ್ಷಣ ಸರಿಯುತ್ತರ ಕಾಣುತ್ತಿತ್ತು, ಎಷ್ಟು ಸಲ ಬೇಕಾದರೂ ಬರೆಯಬಹುದಿತ್ತು. ಎರಡೇ ವಾರಕ್ಕೆ ಎಲ್ಲರದೂ 13, 14. ಎಫ್‌ಎಯಲ್ಲಿ (ಶಾಲೆಯಲ್ಲೇ ನಡೆಸುವ ರೂಪಣಾತ್ಮಕ ಪರೀಕ್ಷೆಯಲ್ಲಿ) ಅವೇ ಲೆಕ್ಕಗಳನ್ನು ಆಯ್ಕೆಯಿಲ್ಲದೆ ಕೊಟ್ಟೆ. ಅರ್ಧ ತರಗತಿ "ದತ್ತ" ಅಂತ ಬರೆದು ಅಲ್ಲೇ ನಿಂತಿತು.

ಎಲ್ಲಿ ಎಡವಿದ್ದು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಆ್ಯಪಿನ ದೋಷವಲ್ಲ. 3, 7, 11, ... ಈ ಶ್ರೇಢಿಯ 20ನೇ ಪದ ಎಷ್ಟು? ಆಯ್ಕೆಗಳು 76, 79, 80, 83. ಜಾಣ ಹುಡುಗ ಸೂತ್ರದ ಕಡೆ ತಿರುಗಿಯೂ ನೋಡುವುದಿಲ್ಲ. ಪದಗಳೆಲ್ಲಾ ಬೆಸ, ಹಾಗಾಗಿ 76, 80 ಹೋಯಿತು. ಉಳಿದ ಎರಡರಲ್ಲಿ ಒಂದನ್ನು ಒತ್ತಿದರಾಯಿತು, ತಪ್ಪಿದರೆ ಇನ್ನೊಂದು ಸಲ. ವರ್ಗ ಸಮೀಕರಣ ಇನ್ನೂ ಸುಲಭ. ಎಕ್ಸ್ ಸ್ಕ್ವೇರ್ ಮೈನಸ್ 5 ಎಕ್ಸ್ ಪ್ಲಸ್ 6, ಮೂಲಗಳು ಯಾವುವು? ಆಯ್ಕೆಗಳನ್ನು ಒಂದೊಂದಾಗಿ ಹಾಕಿ ನೋಡು, ಸೊನ್ನೆ ಬಂದದ್ದೇ ಉತ್ತರ. ಅಪವರ್ತಿಸುವುದೂ ಬೇಡ, ಸೂತ್ರವೂ ಬೇಡ. ನಾನು ಕೇಳಿದ್ದು "ಬಿಡಿಸು" ಅಂತ, ಅವರು ಮಾಡಿದ್ದು ತಾಳೆ ನೋಡುವ ಕೆಲಸ. ಎರಡೂ ಬೇರೆ ಬೇರೆ ವಿದ್ಯೆ. ಆಯ್ಕೆಗಳ ಕ್ರಮ ಕಲಸುವ ಸೆಟಿಂಗ್ ಹಾಕಿಯೂ ನೋಡಿದೆ. ಮಕ್ಕಳು ಹಂಚಿಕೊಳ್ಳುವುದು "ಎರಡನೇ ಆಯ್ಕೆ" ಅಂತಲ್ಲ, "79" ಅಂತ. ಕಲಸಿ ಏನು ಬಂತು? ಎಸ್ಸೆಸ್ಸೆಲ್ಸಿ ಪತ್ರಿಕೆಯ 80 ಅಂಕದಲ್ಲಿ ಬಹುಆಯ್ಕೆಗೆ ಇರುವುದೇ 8 ಅಂಕ. ಆ ಎಂಟಕ್ಕಾಗಿ ವರ್ಷವಿಡೀ ಅಭ್ಯಾಸ ಮಾಡಿಸಿದ ಹಾಗಾಯಿತು ನನ್ನದು.

ಈಗ ಅದೇ ಫಾರ್ಮನ್ನು ಬೇರೆ ರೀತಿ ಕಟ್ಟುತ್ತೇನೆ. ಪ್ರಶ್ನೆಯ ಬಗೆ "ಕಿರು ಉತ್ತರ", ಅದರ ಮೂರು ಚುಕ್ಕಿ ಒತ್ತಿದರೆ ಉತ್ತರಕ್ಕೆ ಕಟ್ಟುಪಾಡು ಹಾಕುವ ಸೌಲಭ್ಯ ಸಿಗುತ್ತದೆ, ಅದರಲ್ಲಿ "ಸಂಖ್ಯೆ" ಮಾತ್ರ ಅಂತ ಇಡಿ. ಇಡದಿದ್ದರೆ ಒಬ್ಬ 79 ಅಂತ ಬರೆಯುತ್ತಾನೆ, ಇನ್ನೊಬ್ಬಳು "ಉತ್ತರ 79" ಅಂತ ಬರೆಯುತ್ತಾಳೆ, ಫಾರ್ಮು ಅವಳದನ್ನು ತಪ್ಪು ಅನ್ನುತ್ತದೆ. ಭಿನ್ನರಾಶಿಯದು ದೊಡ್ಡ ತಲೆನೋವು. 1/2, 2/4, 0.5, .5 ಎಲ್ಲಾ ಒಂದೇ ಅಂತ ಅದಕ್ಕೆ ಗೊತ್ತಿಲ್ಲ. ಜೊತೆಗೆ ಗೂಗಲ್ ಶೀಟಿನ ಕೋಶದಲ್ಲಿ ಸುಮ್ಮನೆ 1/2 ಅಂತ ಬರೆದರೆ ಅದು ತಾರೀಖಾಗಿ ಕೂರುತ್ತದೆ. ಹಾಗಾಗಿ ಉತ್ತರ ಪೂರ್ಣಾಂಕ ಬರುವಂತೆ ಲೆಕ್ಕ ಆರಿಸಿ, ಇಲ್ಲವೇ ಅಂಶಕ್ಕೊಂದು ಛೇದಕ್ಕೊಂದು ಪ್ರತ್ಯೇಕ ಪ್ರಶ್ನೆ ಮಾಡಿ. ವರ್ಗಮೂಲ 3 ತರಹದ ಉತ್ತರ ಬರುವ ತ್ರಿಕೋನಮಿತಿ ಲೆಕ್ಕಗಳನ್ನು ಫಾರ್ಮಿಗೆ ತರಲೇಬೇಡಿ, ಅವು ನೋಟ್‌ಬುಕ್ಕಿನಲ್ಲೇ ಇರಲಿ.

ಕ್ವಿಜ್ ಸೆಟಿಂಗಿನಲ್ಲಿ ಸರಿಯುತ್ತರ ತೋರಿಸುವುದು, ತಪ್ಪಿದ ಪ್ರಶ್ನೆ ತೋರಿಸುವುದು ಎರಡನ್ನೂ ಆಫ್ ಮಾಡಿಬಿಡಿ. ಅಂಕವನ್ನು ಆಮೇಲೆ ಬಿಡುಗಡೆ ಮಾಡುವ ಸೌಲಭ್ಯವೂ ಇದೆ, ಆದರೆ ಅದಕ್ಕೆ ಪ್ರತಿ ಮಗುವಿನ ಇಮೇಲ್ ಬೇಕು. ನಮ್ಮ ಮಕ್ಕಳಿಗೆ ಎಲ್ಲಿಂದ ತರೋಣ? "ಒಬ್ಬರಿಗೆ ಒಂದೇ ಸಲ" ಅನ್ನುವುದನ್ನೂ ಹಾಕಬೇಡಿ. ಅದು ಗೂಗಲ್ ಖಾತೆ ಕೇಳುತ್ತದೆ, ಅಣ್ಣ ತಂಗಿ ಒಂದೇ ಫೋನಿನಲ್ಲಿ ಬರೆಯುವ ಮನೆಯಲ್ಲಿ ಎರಡನೆಯವರಿಗೆ ಬಾಗಿಲು ಮುಚ್ಚಿದಂತೆ.

ಟೈಪ್ ಮಾಡಿಸುವುದರ ನಿಜವಾದ ಲಾಭ ತಪ್ಪು ಉತ್ತರಗಳಲ್ಲಿದೆ. 20ನೇ ಪದಕ್ಕೆ ಮೊದಲ ಪದ 3ರ ಜೊತೆ 4ನ್ನು ಒಂದು ಕಡಿಮೆ, ಅಂದರೆ 19 ಸಲ ಕೂಡಿಸಬೇಕು, 79 ಬರುತ್ತದೆ. 83 ಬರೆದವನು ಆ "ಒಂದು ಕಡಿಮೆ" ಮಾಡುವುದನ್ನು ಮರೆತಿದ್ದಾನೆ, 20ನ್ನೇ 4ರಿಂದ ಗುಣಿಸಿದ್ದಾನೆ. 76 ಬರೆದವಳು 19 × 4 ಸರಿಯಾಗಿ ಮಾಡಿ ಮೊದಲ ಪದ ಕೂಡಿಸಲು ಮರೆತಿದ್ದಾಳೆ. 80 ಬಂದರೆ ಎರಡೂ ತಪ್ಪು. ಶೀಟಿನಲ್ಲಿ ಆ ಕಾಲಂ ವಿಂಗಡಿಸಿದರೆ ಒಂದೇ ತಪ್ಪಿನವರು ಒಟ್ಟಿಗೆ ಸಿಗುತ್ತಾರೆ. 83ರ ಗುಂಪೇ ದೊಡ್ಡದಿದ್ದರೆ ನಾಳೆ ಬೋರ್ಡಿನ ಮೇಲೆ ಬೇರೇನೂ ಬೇಡ, ಐದು ಕಂಬಗಳ ನಡುವೆ ಎಷ್ಟು ಸಂದುಗಳಿವೆ ಅಂತ ಚಿತ್ರ ಬರೆದು ಕೇಳಿ, ನಾಲ್ಕೇ, ಒಂದು ಕಡಿಮೆ. ಮುಂದಿನ ವಾರ ಪ್ರಶ್ನೆಯನ್ನು ತಿರುಗಿಸಿ: ಇದೇ ಶ್ರೇಢಿಯಲ್ಲಿ 83 ಎಷ್ಟನೇ ಪದ? 21 ಬಂದರೆ ಅರ್ಥವಾಗಿದೆ. 20 ಬಂದರೆ ಇನ್ನೂ ಇಲ್ಲ.

ಪ್ರಶ್ನೆ 15 ಜಾಸ್ತಿಯಾಯಿತು, 10 ಸಾಕು. ಅದರಲ್ಲಿ ಈ ವಾರದ ಪಾಠದವು 4, ಹಿಂದಿನ ವಾರದ್ದು 3, ತಿಂಗಳ ಹಿಂದಿನದು 3. ಪಾಠದ ಹೆಸರು ಎಲ್ಲೂ ಬರೆಯಬೇಡಿ. ಮೇಲೆ "ಸಮಾಂತರ ಶ್ರೇಢಿ" ಅಂತಿದ್ದರೆ ಯಾವ ಸೂತ್ರ ಹಿಡಿಯಬೇಕೆಂಬ ಅರ್ಧ ಕೆಲಸ ನೀವೇ ಮಾಡಿಕೊಟ್ಟಿರಿ. ಮಕ್ಕಳು ಮೊದಮೊದಲು ಗೊಣಗುತ್ತಾರೆ, ಅಂಕವೂ ಇಳಿಯುತ್ತದೆ. ಇಳಿಯಲಿ. ಮತ್ತೆ, ಪಾಠ ಮಾಡಿದ ಸಂಜೆಯೇ ಕೊಡಬೇಡಿ, ಎರಡು ದಿನ ಬಿಟ್ಟು ಕೊಡಿ. ಆ ಸಂಜೆ ಬರುವ ಉತ್ತರ ನಿಮ್ಮ ಬೋರ್ಡಿನ ನೆನಪು, ಅಷ್ಟೇ.

ಗ್ರಾಫ್, ರೇಖಾಚಿತ್ರ ಬರೆಯುವ ಆ್ಯಪ್‌ಗಳಾದ ಜಿಯೋಜಿಬ್ರಾ, ಡೆಸ್ಮಾಸ್ ಬಗ್ಗೆ ಎರಡು ಮಾತು. ಎರಡೂ ಒಳ್ಳೆಯವೇ, ಆದರೆ ಕಾಗದದ ನಂತರ. ರೇಖಾತ್ಮಕ ಸಮೀಕರಣದ ಜೋಡಿಗೆ ಮೊದಲು ಗ್ರಾಫ್ ಹಾಳೆಯಲ್ಲಿ ಒಂದೊಂದು ರೇಖೆಗೂ ಮೂರು ಬಿಂದು ಗುರುತಿಸಲಿ. ಎರಡೇ ಬಿಂದು ಆದರೆ ಲೆಕ್ಕ ತಪ್ಪಿದ್ದರೂ ರೇಖೆ ಬಂದೇ ಬರುತ್ತದೆ, ಮೂರನೆಯದು ಸಾಲು ಬಿಟ್ಟು ನಿಂತಾಗಲೇ ತಪ್ಪು ಸಿಕ್ಕಿಬೀಳುವುದು. ಆಮೇಲೆ ಡೆಸ್ಮಾಸಿನಲ್ಲಿ ಸಮೀಕರಣ ಹಾಕಿ, ರೇಖೆ ಮುಟ್ಟಿ, ಛೇದಿಸುವ ಬಿಂದುವನ್ನು ತಾಳೆ ನೋಡಲಿ. ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು) ಜಿಯೋಜಿಬ್ರಾದಲ್ಲಿ ತೋರಿಸುವಾಗ ಸಮಾಂತರ ರೇಖೆ ಇನ್ನೊಂದು ಬಾಹುವನ್ನು ಕಡಿಯುವ ಬಿಂದುವನ್ನು ಕಣ್ಣಂದಾಜಿನಲ್ಲಿ ಇಡಬೇಡಿ, ಛೇದನ ಬಿಂದುವಿನ ಸಾಧನದಿಂದಲೇ ಪಡೆಯಿರಿ. ಇಲ್ಲದಿದ್ದರೆ ಶೃಂಗ ಎಳೆದ ಕೂಡಲೇ ಚಿತ್ರ ಕೆಡುತ್ತದೆ. ದಶಮಾಂಶ ಎರಡೇ ಸ್ಥಾನಕ್ಕಿದ್ದರೆ ಮಕ್ಕಳು ತೆರೆಯ ಮೇಲಿನ ಉದ್ದಗಳನ್ನು ಭಾಗಿಸಿ "ಸಾರ್, ಅನುಪಾತ ಸಮ ಬರ್ತಿಲ್ಲ" ಅನ್ನುತ್ತಾರೆ. ಐದು ಸ್ಥಾನಕ್ಕೆ ಬದಲಿಸಿ.

ವಿಡಿಯೊ ಬೇಕಾದವರಿಗೆ ಪಠ್ಯಪುಸ್ತಕದ ಕ್ಯುಆರ್ ಕೋಡಿನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ತೆರೆಯುತ್ತದೆ, ಸಾಕು.

ಇನ್ನು ಫೋನು. ಹಳ್ಳಿಯ ಮನೆಯಲ್ಲಿ ಫೋನ್ ಅಪ್ಪನ ಜೇಬಿನಲ್ಲಿರುತ್ತದೆ, ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಆದ್ದರಿಂದ ಗಡುವು ಎರಡು ರಾತ್ರಿ ಕೊಡಿ, ಪ್ರಶ್ನೆಗಳನ್ನು ಬೆಳಿಗ್ಗೆಯೇ ಬೋರ್ಡಿನಲ್ಲಿ ಬರೆಸಿಬಿಡಿ. ಮಗು ಸಂಜೆ ನೋಟ್‌ಬುಕ್ಕಿನಲ್ಲಿ ಬಿಡಿಸಿಟ್ಟುಕೊಳ್ಳುತ್ತದೆ, ರಾತ್ರಿ ಹತ್ತು ಸಂಖ್ಯೆ ಒತ್ತಲು ಐದು ನಿಮಿಷ ಫೋನ್ ಸಿಕ್ಕರೆ ಸಾಕು. ಹತ್ತರಲ್ಲಿ ಯಾವುದಾದರೂ ಒಂದು ಲೆಕ್ಕದ ಪುಟವನ್ನು ಫೋಟೊ ತೆಗೆದು ಕಳಿಸಲು ಹೇಳಿ, ಯಾವ ಲೆಕ್ಕ ಅಂತ ಗಡುವಿನ ದಿನವೇ ತಿಳಿಸಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಪೆನ್ಸಿಲ್ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲಿ.