ವೇಲ್ಸ್‌ನಲ್ಲಿ ನಿಮಗೂ ಒಂದು ವೋಟಿದೆ

ಸ್ವಾನ್ಸಿಗೆ ಬಂದು ಮೂರು ತಿಂಗಳಾಯ್ತು ಅಂತ ಬರೆದಿದ್ದೀರಿ. ಮನೆಗೆ ವೋಟರ್ ಲಿಸ್ಟಿನ ಪತ್ರ ಬಂದಿದೆ, ನನ್ನದು ಭಾರತದ ಪಾಸ್‌ಪೋರ್ಟ್, ತಪ್ಪಿ ಬಂದಿರಬೇಕು ಅಲ್ವಾ ಅಂತ ಕೇಳಿದ್ದೀರಿ. ವಾರ್ಡಿನಲ್ಲಿ ಜೊತೆಯ ನರ್ಸ್‌ಗಳೆಲ್ಲ 2026ರ ಮೇ 7ರ ಚುನಾವಣೆಯ ಮಾತೇ ಆಡುತ್ತಾರೆ, ಒಂದೂ ತಲೆಬುಡ ತಿಳಿಯುತ್ತಿಲ್ಲ ಅಂದಿದ್ದೀರಿ.

ತಪ್ಪಿ ಬಂದಿದ್ದಲ್ಲ ತಂಗಿ, ನಿಮಗೇ ಬಂದಿದ್ದು. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿರಲು ವೀಸಾ ಇದ್ದರೆ ಸಾಕು, ಎಲ್ಲ ಚುನಾವಣೆಗಳಲ್ಲೂ ವೋಟು ಹಾಕಬಹುದು. ಇಲ್ಲಿನ ಪೌರತ್ವ ಬೇಕಿಲ್ಲ. 2004ರಲ್ಲಿ ನಾನು ಬಂದಾಗ ಇದನ್ನು ಯಾರೂ ಹೇಳಲಿಲ್ಲ. ಆರು ವರ್ಷ ಸುಮ್ನೆ ಹೋಯ್ತು. ಆ ಬೇಸರ ಇನ್ನೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ನಡೆಯುವುದು ವೇಲ್ಸ್ ರಾಜಧಾನಿ ಕಾರ್ಡಿಫ್‌ನ ಸೆನೆದ್ ಚುನಾವಣೆ. ಸೆನೆದ್ ಅಂದರೆ ನಮ್ಮ ವಿಧಾನಸಭೆ ಇದ್ದ ಹಾಗೆ. ಲಂಡನ್ನಿನ ಸಂಸತ್ತು ಬೇರೆ. ವೀಸಾ, ಪೊಲೀಸು, ಸೈನ್ಯ ಲಂಡನ್ನಿನ ಕೈಯಲ್ಲಿವೆ. ಆಸ್ಪತ್ರೆ, ಶಾಲೆ, ಬಸ್ಸು, ಮನೆ, ವೆಲ್ಷ್ ಭಾಷೆ ಎಲ್ಲ ಕಾರ್ಡಿಫ್‌ನದು. ಡಾಕ್ಟರ್ ಚೀಟಿ ಕೊಟ್ಟರೆ ಇಲ್ಲಿ ಔಷಧಿಗೆ ದುಡ್ಡಿಲ್ಲ. ಅದು 2007ರಿಂದ ಹೀಗಿದೆ. ಸೇತುವೆ ದಾಟಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋದರೆ ಹೆಚ್ಚಿನವರು ಕೊಡಬೇಕು. ನಿಮ್ಮ ವಾರ್ಡಿಗೆ ಎಷ್ಟು ನರ್ಸ್ ಬೇಕು, ಅದಕ್ಕೆ ಹಣ ಎಲ್ಲಿಂದ ಅನ್ನುವುದೂ ಅಲ್ಲೇ ತೀರ್ಮಾನ. ಹಾಗಾಗಿ ಇದು ನಿಮಗೆ ಸಂಬಂಧವಿಲ್ಲದ ವಿಷಯ ಅಲ್ಲ.

ಈ ಸೆನೆದ್ ಕೂದಲೆಳೆಯಲ್ಲಿ ಹುಟ್ಟಿದ್ದು. ವೇಲ್ಸ್‌ಗೆ ಇಂಥ ಸಭೆ ಬೇಕೇ ಅಂತ 1979ರಲ್ಲಿ ಕೇಳಿದಾಗ ಜನ ಬೇಡ ಅಂದಿದ್ದರು, ಬೇಡ ಅಂದವರು ಬೇಕು ಅಂದವರ ನಾಲ್ಕು ಪಟ್ಟು. 1997ರ ಸೆಪ್ಟೆಂಬರ್ 18ರಂದು ಮತ್ತೆ ಕೇಳಿದರು. ನಾನಿರುವುದು ಕಾರ್ಮಾರ್ಥೆನ್‌ನಲ್ಲಿ. ಪಕ್ಕದ ಮನೆಯ ಅಜ್ಜಿ ಆ ರಾತ್ರಿಯನ್ನು ಈಗಲೂ ಹೇಳುತ್ತಾರೆ. 22 ಜಿಲ್ಲೆಗಳಲ್ಲಿ 21ರ ಎಣಿಕೆ ಮುಗಿದಿತ್ತು, ಬೇಡ ಅನ್ನುವವರೇ ಮುಂದಿದ್ದರು. ಅಜ್ಜಿಯ ಗಂಡ ಟೀವಿ ಆರಿಸಿ ಮಲಗಲು ಹೊರಟರಂತೆ. ಅಜ್ಜಿ ಕೈ ಹಿಡಿದು ಕೂರಿಸಿದರಂತೆ, ‘ನಮ್ಮೂರು ಇನ್ನೂ ಬಂದಿಲ್ಲ’ ಅಂತ. ಕೊನೆಗೆ ಬಂದಿದ್ದು ಕಾರ್ಮಾರ್ಥೆನ್ ಜಿಲ್ಲೆ, ಮೂರರಲ್ಲಿ ಎರಡು ಪಾಲು ‘ಹೌದು’. ಇಡೀ ದೇಶದಲ್ಲಿ ಗೆದ್ದ ಅಂತರ 6,721 ವೋಟು. ಅಜ್ಜಿ ಆ ಸಂಖ್ಯೆಯನ್ನು ಮೊಮ್ಮಕ್ಕಳ ಹುಟ್ಟಿದ ದಿನದ ಹಾಗೆ ನೆನಪಿಟ್ಟಿದ್ದಾರೆ.

ಅವತ್ತು ರಾಜಧಾನಿ ಕಾರ್ಡಿಫ್ ‘ಬೇಡ’ ಅಂದಿತ್ತು. ಪೂರ್ವದ ಗಡಿ ಜಿಲ್ಲೆಗಳೂ ಬೇಡ ಅಂದವು. ಪಶ್ಚಿಮ ಮತ್ತು ಕಣಿವೆಗಳು ಬೇಕು ಅಂದವು. ಇಲ್ಲಿನ ರಾಜಕೀಯ ತಿಳಿಯಬೇಕಾದರೆ ಈ ನಕ್ಷೆ ತಲೆಯಲ್ಲಿರಬೇಕು. ಡೆನಿಸ್ ಬಾಲ್ಸಮ್ ಅನ್ನುವ ಪಂಡಿತರು 1985ರಲ್ಲೇ ವೇಲ್ಸ್ ಒಂದಲ್ಲ, ಮೂರು ಅಂತ ಬರೆದರು. ನನ್ನ ಅನುಭವದಲ್ಲಿ ಅದು ಇವತ್ತಿಗೂ ಸುಮಾರಾಗಿ ಸರಿ.

ಒಂದು, ವೆಲ್ಷ್ ಮಾತಾಡುವ ಪಶ್ಚಿಮ. ಗ್ವಿನೆದ್, ಆಂಗ್ಲ್‌ಸೀ, ಕೆರೆಡಿಗಿಯಾನ್, ನಮ್ಮ ಕಾರ್ಮಾರ್ಥೆನ್. ಇಲ್ಲಿ ಪ್ಲೈಡ್ ಕಮ್ರಿಗೆ ಬಲ ಜಾಸ್ತಿ. ಅದು ವೇಲ್ಸ್‌ನದೇ ಪಕ್ಷ. ಅದರ ಸಿಟ್ಟಿನ ಬೇರು ತಿಳಿಯಬೇಕಾದರೆ ಆಬರಿಸ್ಟ್ವಿತ್‌ನಿಂದ ದಕ್ಷಿಣಕ್ಕೆ ಬರುವಾಗ ಲಾನ್‌ರಿಸ್ಟಿಡ್ ಹತ್ತಿರ ರಸ್ತೆ ಬದಿಯ ಒಂದು ಮುರುಕು ಗೋಡೆ ನೋಡಿ. ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ತ್ರವೆರಿನ್ ನೆನಪಿಡಿ’ ಅಂತ ವೆಲ್ಷ್‌ನಲ್ಲಿ ಬರೆದಿದೆ. 1965ರಲ್ಲಿ ತ್ರವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಅನ್ನುವ ಊರನ್ನು ಮುಳುಗಿಸಿ, ಇಂಗ್ಲೆಂಡಿನ ಲಿವರ್‌ಪೂಲ್‌ಗೆ ನೀರು ಒಯ್ದರು. ಶಾಲೆ, ಅಂಚೆ ಮನೆ, ಪ್ರಾರ್ಥನಾ ಮಂದಿರ ಎಲ್ಲ ನೀರೊಳಗೆ. ವೇಲ್ಸ್‌ನ ಸಂಸದರಲ್ಲಿ ಹೆಚ್ಚುಕಡಿಮೆ ಎಲ್ಲರೂ ವಿರೋಧ ಇದ್ದರೂ ಲಂಡನ್ ಕೇಳಲಿಲ್ಲ. ಮರುವರ್ಷವೇ ಕಾರ್ಮಾರ್ಥೆನ್ ಉಪಚುನಾವಣೆಯಲ್ಲಿ ಗ್ವಿನ್‌ವರ್ ಇವಾನ್ಸ್ ಗೆದ್ದು ಪ್ಲೈಡ್‌ನ ಮೊದಲ ಸಂಸದರಾದರು. ನಮ್ಮಜ್ಜನ ಮನೆ, ತೋಟ ಲಿಂಗನಮಕ್ಕಿ ಹಿನ್ನೀರಿಗೆ ಹೋಗಿದ್ದೂ ಅದೇ ಕಾಲಕ್ಕೆ. ಆ ಗೋಡೆಯ ಮುಂದೆ ಕಾರು ನಿಲ್ಲಿಸಿದ ದಿನ ನನಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಎರಡು, ದಕ್ಷಿಣದ ಕಣಿವೆಗಳು. ರೋಂದಾ, ಮರ್ಥರ್, ಕೇರ್‌ಫಿಲಿ, ಎಬ್ಬೂ ವೇಲ್. ಕಲ್ಲಿದ್ದಲ ಗಣಿ, ಉಕ್ಕು, ಯೂನಿಯನ್ನು, ಅದರ ಬೆನ್ನಿಗೆ ಲೇಬರ್ ಪಕ್ಷ. ನೀವು ಕೆಲಸ ಮಾಡುವ ಎನ್‌ಎಚ್‌ಎಸ್‌ನ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ಮೂಲವೂ ಇಲ್ಲೇ. ಟ್ರೆಡೀಗರ್ ಊರಿನ ಕೆಲಸಗಾರರು ಸಂಬಳದಿಂದ ಒಂದಿಷ್ಟು ಕೂಡಿಸಿ ಡಾಕ್ಟರ್, ಔಷಧಿ ನೋಡಿಕೊಳ್ಳುವ ಸಂಘ ಕಟ್ಟಿದ್ದರು. ಆ ಊರಿನ ಮಗ ಅನೈರಿನ್ ಬೆವನ್ ಮಂತ್ರಿಯಾಗಿ, ಅದನ್ನೇ ಕಣ್ಣ ಮುಂದಿಟ್ಟುಕೊಂಡು 1948ರಲ್ಲಿ ಎನ್‌ಎಚ್‌ಎಸ್ ಶುರು ಮಾಡಿದರು. ರಜೆ ಸಿಕ್ಕಾಗ ಟ್ರೆಡೀಗರ್‌ಗೆ ಹೋಗಿ ಬನ್ನಿ.

ಮೂರು, ಪೂರ್ವದ ಗಡಿ, ಮನ್‌ಮತ್ ಕಡೆ, ಪೆಂಬ್ರೋಕ್‌ನ ದಕ್ಷಿಣ. ಇಲ್ಲಿ ಕನ್ಸರ್ವೇಟಿವ್‌ಗಳಿಗೆ ಹಳೆಯ ಹಿಡಿತ.

ಹಾಗಂತ ನಕ್ಷೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. 1999ರ ಮೊದಲ ಚುನಾವಣೆಯಲ್ಲೇ ಪ್ಲೈಡ್ ರೋಂದಾ, ಇಸ್ಲೂಯಿನ್, ಲನೆಲಿ ಗೆದ್ದು ಲೇಬರ್‌ಗೆ ನಿದ್ದೆಗೆಡಿಸಿತ್ತು. 2025ರ ಅಕ್ಟೋಬರ್‌ನಲ್ಲಂತೂ ಕೇರ್‌ಫಿಲಿ ಉಪಚುನಾವಣೆಯಲ್ಲಿ ನೂರು ವರ್ಷದ ಲೇಬರ್ ಕೋಟೆ ಬಿತ್ತು. ಪ್ಲೈಡ್‌ಗೆ ನೂರಕ್ಕೆ 47 ವೋಟು, ವಲಸೆ ಕಡಿಮೆ ಮಾಡಬೇಕೆನ್ನುವ ರಿಫಾರ್ಮ್ ಯುಕೆ ಪಕ್ಷಕ್ಕೆ 36, ಲೇಬರ್‌ಗೆ ಬರೀ 11. ವಾರ್ಡಿನಲ್ಲಿ ಎಲ್ಲರೂ ಇಷ್ಟು ಮಾತಾಡುವುದು ಅದಕ್ಕೇ.

ಮೈತ್ರಿ ಸರ್ಕಾರದ ಬಗ್ಗೆ ಕೇಳಿದ್ದೀರಿ. 60 ಸೀಟಿನ ಸೆನೆದ್‌ನಲ್ಲಿ ಲೇಬರ್ ಪ್ರತಿ ಸಲ ಮೊದಲ ಸ್ಥಾನ ಪಡೆದಿದೆ, ಆದರೆ 30 ದಾಟಿದ್ದೇ ಇಲ್ಲ. ಹಾಗಾಗಿ ಹಲವು ಸಲ ಬೇರೆಯವರ ಜೊತೆ ಕೂರಬೇಕಾಯಿತು. 2000ರಲ್ಲಿ ಲಿಬರಲ್ ಡೆಮಾಕ್ರಾಟ್‌ಗಳ ಜೊತೆ ಕೂತರು. 2007ರಲ್ಲಿ 26ಕ್ಕೆ ಇಳಿದಾಗ ಉಳಿದ ಮೂರು ಪಕ್ಷ ಸೇರಿ ಸರ್ಕಾರ ಮಾಡುವ ಮಾತುಕತೆ ನಡೆದು ಮುರಿದುಬಿತ್ತು. ಆಮೇಲೆ ಲೇಬರ್ ಮತ್ತು ಪ್ಲೈಡ್, ಹಳೆಯ ಎದುರಾಳಿಗಳೇ, ಒಟ್ಟಿಗೆ ಸರ್ಕಾರ ಮಾಡಿದವು. 2016ರಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ಲೇಬರ್‌ನ ಕಾರ್ವಿನ್ ಜೋನ್ಸ್ ಮತ್ತು ಪ್ಲೈಡ್‌ನ ಲೀಯಾನ್ ವುಡ್ ನಡುವೆ 29–29 ಸಮ ಆಯ್ತು. ಲಿಬರಲ್‌ಗಳಿಂದ ಗೆದ್ದಿದ್ದ ಒಬ್ಬರೇ ಸದಸ್ಯೆ ಕರ್ಸ್ಟಿ ವಿಲಿಯಮ್ಸ್ ಆಮೇಲೆ ಬಂದ ಜೋನ್ಸ್ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾದರು. 2021ರಲ್ಲಿ ಪ್ಲೈಡ್ ಮಂತ್ರಿಗಿರಿ ತೆಗೆದುಕೊಳ್ಳದೆ ಲೇಬರ್ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರೈಮರಿ ಶಾಲೆಯ ಎಲ್ಲ ಮಕ್ಕಳಿಗೂ ಉಚಿತ ಊಟ ಬಂದಿದ್ದು ಆ ಒಪ್ಪಂದದಿಂದ. ನನಗೆ ಇಷ್ಟವಾಗುವುದು ಏನೆಂದರೆ, ಒಪ್ಪಂದ ಬರವಣಿಗೆಯಲ್ಲಿರುತ್ತದೆ, ಯಾರು ಬೇಕಾದರೂ ಓದಬಹುದು. ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕಿದ್ದನ್ನು ಇಲ್ಲಿ ನಾನು ನೋಡಿಲ್ಲ.

ಈ ಸಲ ಲೆಕ್ಕವೇ ಬದಲಾಗಿದೆ. 96 ಸೀಟು, 16 ಕ್ಷೇತ್ರ, ಒಂದೊಂದರಿಂದ ಆರು ಜನ. ಬ್ಯಾಲೆಟ್ ಪೇಪರ್ ಒಂದೇ. ಪಕ್ಷದ ಮುಂದೆ ಒಂದು ಗುರುತು ಹಾಕಿದರೆ ಆಯ್ತು, ವೋಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುತ್ತಾರೆ. ಬಹುಮತಕ್ಕೆ 49 ಬೇಕು, ಒಂದೇ ಪಕ್ಷ ಅಷ್ಟು ಮುಟ್ಟುವುದು ಕಷ್ಟ. ಮೊದಲೆಲ್ಲ ಕಣಿವೆಯಲ್ಲಿ ಲೇಬರ್ ಬಿಟ್ಟು ಬೇರೆಯವರಿಗೆ ಹಾಕಿದರೆ ವೋಟು ದಂಡ ಅನ್ನುವ ಮಾತಿತ್ತು. ಈಗ ನೂರಕ್ಕೆ ಹದಿನೈದರ ಆಸುಪಾಸು ಬಂದರೂ ಒಂದು ಸೀಟು ಸಿಗಬಹುದು. ನೀವಿರುವ ಸ್ವಾನ್ಸಿಯ ಪಶ್ಚಿಮ ಭಾಗ ಗ್ವಿರ್ ಅಬರ್‌ತವೆ ಕ್ಷೇತ್ರಕ್ಕೆ ಸೇರುತ್ತದೆ. ಎಲ್ಲ ಕ್ಷೇತ್ರಗಳ ಹೆಸರೂ ವೆಲ್ಷ್‌ನಲ್ಲೇ, ಗಾಬರಿಯಾಗಬೇಡಿ.

ಯಾರಿಗೆ ಹಾಕಬೇಕು ಅಂತ ನಾನು ಹೇಳುವುದಿಲ್ಲ. ವಲಸಿಗರ ಬಗ್ಗೆ ಈ ಚುನಾವಣೆಯಲ್ಲಿ ಕೆಲವು ಮಾತು ಕಿವಿಗೆ ಬೀಳುತ್ತವೆ, ಮನಸ್ಸಿಗೆ ನೋವಾಗುತ್ತದೆ. ನಿಮ್ಮ ವೀಸಾ ಕಾರ್ಡಿಫ್‌ನ ಕೈಯಲ್ಲಿಲ್ಲ, ಅದು ನೆನಪಿರಲಿ. ಹೆದರಿ ಮನೆಯಲ್ಲಿ ಕೂರಬೇಡಿ.

ಮೇ 7 ಗುರುವಾರ, ರಜೆ ಇಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಹಾಕಬಹುದು. ಶಿಫ್ಟ್ ಇದ್ದರೆ ಅಂಚೆ ವೋಟಿಗೆ ಈಗಲೇ ಬರೆಯಿರಿ. ಮಷೀನಿಲ್ಲ, ಬೆರಳಿಗೆ ಶಾಯಿ ಇಲ್ಲ, ಸೆನೆದ್ ಚುನಾವಣೆಗೆ ಫೋಟೋ ಐಡಿಯನ್ನೂ ಕೇಳುವುದಿಲ್ಲ. ನಮ್ಮೂರಿನ ಮತಗಟ್ಟೆಯಲ್ಲಿ ದಾರ ಕಟ್ಟಿದ ಮೋಟು ಪೆನ್ಸಿಲ್ ಇರುತ್ತದೆ. 2021ರಲ್ಲಿ ನನ್ನ ಮಗಳು ಹದಿನಾರಕ್ಕೇ ಆ ಪೆನ್ಸಿಲ್ ಹಿಡಿದಳು, ಇಲ್ಲಿ ವಯಸ್ಸು ಅಷ್ಟು ಸಾಕು. ಅವಳ ಹಿಂದೆ ಪಕ್ಕದ ಮನೆಯ ಅಜ್ಜಿ ಊರುಗೋಲು ಹಿಡಿದು ನಿಂತಿದ್ದರು.

ಹೆಸರು ಸೇರಿಸಲು ಆನ್‌ಲೈನ್‌ನಲ್ಲಿ ಐದು ನಿಮಿಷ ಸಾಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತಾರೆ. ನಿಮ್ಮದು ಬಂದಿದೆಯಾ? ಇಲ್ಲದಿದ್ದರೂ ಸೇರಿಸಬಹುದು, ಹೇಗೆ ಅಂತ ನಾನೇ ಕೂತು ತೋರಿಸುತ್ತೇನೆ.