ಕೋಲಾರದಂಥ ಊರಲ್ಲಿ ಫೋಟೋ ತೆಗೆಯೋಕೆ ಏನಿದೆ?

"ಕೋಲಾರದಲ್ಲಿದ್ದೇನೆ, ಕೈಯಲ್ಲಿ ಫೋನ್ ಮಾತ್ರ. ಬೆಟ್ಟ, ದೇವಸ್ಥಾನ ಎಲ್ಲ ತೆಗೆದಾಯ್ತು. ಪೇಟೆಯಲ್ಲಿ ನೋಡಿದ ಕಡೆಯೆಲ್ಲ ವೈರು, ಫ್ಲೆಕ್ಸು. ಬೆಂಗಳೂರಿಗೇ ಹೋಗಬೇಕಾ?" ಅಂತ ಕೇಳಿದ್ದೀರಿ. ಬೇಡ. ಅಲ್ಲೂ ಅದೇ ವೈರು, ಬಸ್ ಚಾರ್ಜು ದಂಡ.

ಪೇಟೆಗೆ ಹೋದರೆ ನಾನು ಏನು ತೆಗೀಲಿ ಅಂತ ಹುಡುಕೋದಿಲ್ಲ, ಬಿಸಿಲು ಎಲ್ಲಿ ಬಿದ್ದಿದೆ ಅಂತ ನೋಡ್ತೀನಿ. ನಮ್ಮೂರಿಗೆ ಪಶ್ಚಿಮಕ್ಕೆ ಅಂತರಗಂಗೆ ಬೆಟ್ಟ ಅಡ್ಡ ಇದೆ. ಸಂಜೆ ಹೊಂಬಿಸಿಲು ಬರಲಿ ಅಂತ ಕಾದರೆ ಸೂರ್ಯ ಬೇಗ ಬೆಟ್ಟದ ಹಿಂದೆ ಇಳಿದುಬಿಡ್ತಾನೆ. ನಮಗೆ ದಕ್ಕೋದು ಬೆಳಗಿನ ಬಿಸಿಲು. ಅಂಗಡಿ ಬಾಗಿಲು ತೆಗೆಯೋ ಮುಂಚೆ ಹೋಗಿ. ಓರೆ ಬಿಸಿಲಿಗೆ ಶಟರ್‌ನ ಒಂದೊಂದು ಪಟ್ಟಿಯ ಕೆಳಗೂ ತೆಳ್ಳನೆ ನೆರಳಿನ ಗೆರೆ ಮೂಡಿರುತ್ತೆ, ಕಿತ್ತುಹೋದ ಬಣ್ಣದ ಹೆಕ್ಕಳಿಕೆಗೂ ಒಂದು ನೆರಳು. ಫೋನಿನಲ್ಲಿ ಆ ಬೆಳಕಿನ ಜಾಗದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ನೆರಳಲ್ಲಿರೋದೆಲ್ಲ ಕಪ್ಪಾಗುತ್ತೆ, ನೀವು ಬೈಯುವ ವೈರು, ಮೀಟರ್ ಬೋರ್ಡು ಎಲ್ಲ ಅದರಲ್ಲೇ ಮುಳುಗುತ್ತೆ. ಆಮೇಲೆ ಅಲ್ಲೇ ನಿಲ್ಲಿ. ಹೂವಿನವರೋ, ಸ್ಕೂಲ್ ಮಕ್ಕಳೋ, ಕೊನೆಗೆ ಒಂದು ಹಸುವಾದರೂ ಆ ಬೆಳಕು ದಾಟಿಯೇ ದಾಟುತ್ತೆ.

ನ್ಯೂಯಾರ್ಕಿನಲ್ಲಿ ಸಾಲ್ ಲೈಟರ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು (1923–2013). ಕಲೆ ಅಂದರೆ ಕಪ್ಪು-ಬಿಳುಪೇ ಅಂತಿದ್ದ ಕಾಲದಲ್ಲಿ, 1948ರ ಹೊತ್ತಿಗೇ ಬಣ್ಣದ ಫಿಲ್ಮ್ ಬಳಸಿದವರು. ಅವರ ಬಹುಪಾಲು ಬೀದಿ ಚಿತ್ರಗಳು ಮನೆ ಸುತ್ತಮುತ್ತಲಿನವೇ: ಹಬೆ ಕಟ್ಟಿದ ಗಾಜು, ಕೊಡೆ, ಹಿಮದಲ್ಲಿ ನಡೆಯುವವರು. ನಮಗೆ ಹಿಮ ಎಲ್ಲಿಂದ ಬರಬೇಕು! ಆದರೆ ಮಳೆ ಬಂದಾಗ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕರೆ ಗಾಜಿನ ಮೇಲಿನ ಹನಿಗೆ ಫೋಕಸ್ ಕೊಟ್ಟು ನೋಡಿ. ಹೊರಗಿನ ಬಸ್ ಸ್ಟ್ಯಾಂಡು ಬರೀ ಬಣ್ಣದ ಮುದ್ದೆಯಾಗುತ್ತೆ, ಫ್ಲೆಕ್ಸಿನಲ್ಲಿರೋ ಮುಖಂಡರು ಸಮೇತ.

ಬಣ್ಣ ಬೇಕಾ, ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ ಹೋಗಿ. ನನಗಂತೂ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಇಡೀ ಮಾರುಕಟ್ಟೆ ಒಂದೇ ಫೋಟೋದಲ್ಲಿ ಬರಲಿ ಅಂತ ಹೊರಟರೆ ಬರೀ ಗಲಾಟೆ ಕಾಣುತ್ತೆ. ಆಕಾಶ, ಲಾರಿ ಬಿಟ್ಟುಬಿಡಿ. ಪ್ಲಾಸ್ಟಿಕ್ ಬಾಕ್ಸಿನ ನೀಲಿ, ಹಣ್ಣಿನ ಕೆಂಪು, ಹಮಾಲಿ ತಲೆ ಮೇಲೆ ಸಿಂಬಿ ಸುತ್ತಿಟ್ಟ ಟವಲ್ಲು, ಇಷ್ಟು ಸಾಕು. ಅಡ್ಡ ಮಾತ್ರ ನಿಲ್ಲಬೇಡಿ. ಬಾಕ್ಸ್ ಹೊತ್ತು ಬರೋರಿಗೆ ನಿಮ್ಮ ಫ್ರೇಮು ಗೀಮು ಕಾಣಲ್ಲ.

ಅಲ್ಲಿ ಫೋನ್ ಎತ್ತೋ ಮುಂಚೆ ಅವತ್ತಿನ ರೇಟ್ ಕೇಳಿಕೊಳ್ಳಿ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ದಿನ ಯಾರು ಬೇಕಾದರೂ ನಗುತ್ತಾ ನಿಲ್ಲುತ್ತಾರೆ. ರೇಟ್ ಬಿದ್ದ ದಿನ, ಬಾಡಿಗೆ ದುಡ್ಡೂ ಹುಟ್ಟದೆ ನಿಂತಿರುವ ರೈತನ ಮುಖಕ್ಕೆ ಕ್ಯಾಮೆರಾ ಹಿಡಿಯೋದು ನನಗೆ ಸರಿ ಕಾಣಲ್ಲ. "ಏನಣ್ಣಾ, ಪೇಪರಿನವರಾ?" ಅಂತ ಕೇಳೇ ಕೇಳ್ತಾರೆ. ಬಣ್ಣ ಚೆನ್ನಾಗಿದೆ ಅಂತ ತೆಗೀತಿದ್ದೀನಿ ಅಂದರೆ ಸಾಕು; ತೆಲುಗಲ್ಲಿ ಅಂದರೆ ಟೀನೂ ಸಿಗಬಹುದು.

ಕೆಜಿಎಫ್‌ನ ಸೈನೈಡ್ ದಿಬ್ಬಕ್ಕೆ, ಅಂದರೆ ಚಿನ್ನದ ಗಣಿಯ ತ್ಯಾಜ್ಯ ಮಣ್ಣಿನ ಗುಡ್ಡಕ್ಕೆ, ಹೋಗು ಅನ್ನೋರು ತುಂಬ ಜನ ಸಿಗ್ತಾರೆ. ಅಲ್ಲಿ ಯಾರು ತೆಗೆದರೂ ಒಂದೇ ಥರ ಬರುತ್ತೆ. ಅಷ್ಟು ದೂರ ಹೋದರೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಒಳಗೆ ಒಂದು ಸುತ್ತು ಹಾಕಿ.