ವಯಸ್ಸಾದವರ ಸ್ನಾಯುವಿನ ಕಸುವು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತುತ್ತಿದ್ದ 68ರ ಅಪ್ಪನಿಗೆ ಈಗ ಮನೆಯ ಮೆಟ್ಟಿಲಿಗೇ ಕಾಲು ಸೋಲುತ್ತವೆ, ಯಾವ ರಕ್ತ ಪರೀಕ್ಷೆ ಮಾಡಿಸಲಿ ಎಂದು ಕೇಳಿದ್ದೀರಿ.

ಕಸುವನ್ನು ನೇರವಾಗಿ ಹೇಳುವ ಒಂದೇ ಪರೀಕ್ಷೆ ಇಲ್ಲ. ಸ್ನಾಯುವಿನ ಕೋಶದೊಳಗೆ ಶಕ್ತಿ ತಯಾರಿಸುವುದು ಮೈಟೊಕಾಂಡ್ರಿಯ. ಅವು ಬಳಲಿದಾಗ ಜಿಡಿಎಫ್-15 ಎಂಬ ಪ್ರೋಟೀನ್ ರಕ್ತದಲ್ಲಿ ಏರುತ್ತದೆ. ಆದರೆ ಹೃದಯ, ಕಿಡ್ನಿ ತೊಂದರೆಯಿಂದಲೂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಏರುತ್ತದೆ. ಸುಮ್ನೆ ಅದರ ಬೆನ್ನು ಹತ್ತಬೇಡಿ. ಸಿಕೆ (ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯುವಿನ ಕಿಣ್ವ) ಪರೀಕ್ಷೆ ತೋರಿಸುವುದು ಸ್ನಾಯುವಿಗಾದ ಪೆಟ್ಟನ್ನು, ಶಕ್ತಿಯನ್ನಲ್ಲ. ಕೊಲೆಸ್ಟ್ರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಕೆಲವರ ಸ್ನಾಯುವಿಗೆ ಪೆಟ್ಟು ಕೊಡಬಹುದು, ಅದನ್ನು ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ ಸಿಕೆ ಮಾಡಿಸಿ. ಇನ್ನು ಕ್ರಿಯಾಟಿನಿನ್, ಸ್ನಾಯುವಿನಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಸ. ಕಡಿಮೆ ಬಂದರೆ ಕಿಡ್ನಿ ಚೆನ್ನಾಗಿದೆ ಅಂತ ಖುಷಿಪಡುತ್ತೇವೆ, ಅಲ್ವಾ? ಸ್ನಾಯು ಕರಗಿದ್ದರೂ ಅದು ಕಡಿಮೆಯೇ ಬರುತ್ತದೆ.

ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ ನೋಡಿಸಿ. ಕಾರಣ ಇಲ್ಲೇ ಸಿಕ್ಕರೆ ಮದ್ದೂ ಇದೆ. ಏದುಸಿರು, ಎದೆನೋವು ಇದ್ದರೆ ಮಾತ್ರ ತಡಮಾಡದೆ ಹೃದಯ ತೋರಿಸಿ.

ನನಗೆ ಜಾಸ್ತಿ ನಂಬಿಕೆ ಕುರ್ಚಿಯ ಮೇಲೆ. ಎದೆಯ ಮೇಲೆ ಕೈ ಕಟ್ಟಿ 5 ಸಲ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಸೊರಗಿರಬಹುದು ಎಂಬುದು ಏಷ್ಯಾದ ತಜ್ಞರ 2019ರ ಲೆಕ್ಕ. ಬರೀ ರೊಟ್ಟಿ, ಚಟ್ನಿಯಲ್ಲೇ ಊಟ ಮುಗಿಸುತ್ತಿದ್ದರೆ ಸ್ನಾಯುವಿಗೆ ಬೇಕಾದ ಪ್ರೋಟೀನಿಗಾಗಿ ಜೊತೆಗೆ ಮೊಳಕೆ ಹೆಸರುಕಾಳಿನ ಪಲ್ಯ, ಮೊಸರು ಬಡಿಸಿ.